ಬಿ.ಕಾಂ.ಗೆ ಬೆಂಗಳೂರೇ ಬೇಕಾ?

ಹೊಗೆನಕಲ್‌ನಲ್ಲಿದ್ದೀರಾ? ಪ್ಲಸ್ ಟು ಮುಗೀತಾ?
ಫೈನಾನ್ಸ್‌ನಲ್ಲಿ ಕೆಲಸ ಬೇಕು ಅಂದ್ರೆ
ಬೆಂಗಳೂರಿಗೇ ಹೋಗಿ ಓದ್ಬೇಕಾ?

ಸಿ.ಎ. ಆಗೋ ಆಸೆ ಇದ್ರೆ, ಬೇಡ.
ಆ ಪರೀಕ್ಷೆ ಕಾಲೇಜಿನ ಹೆಸರು ಕೇಳಲ್ಲ.
ಬಿ.ಕಾಂ.ನಲ್ಲಿ 55 ಪರ್ಸೆಂಟ್ ತೆಗೀರಿ,
ಸಿ.ಎ.ಯ ಮೊದಲ ಹಂತ ಫೌಂಡೇಷನ್ ಬರೀದೆ ನೇರ ಇಂಟರ್‌ಮೀಡಿಯೆಟ್‌ಗೆ ಸೇರಬಹುದು.
ಧರ್ಮಪುರಿ ಸರ್ಕಾರಿ ಕಲಾ ಕಾಲೇಜಿನ ಡಿಗ್ರಿ ಧಾರಾಳವಾಗಿ ಸಾಕು.
ಉಳಿದ ದುಡ್ಡು ಕೋಚಿಂಗ್‌ಗೆ ಇಡಿ.

ಕ್ಯಾಂಪಸ್‌ನಿಂದಲೇ ಕೆಲಸ ಬೇಕಾ?
ಆಗ ಬೆಂಗಳೂರಿಗೆ ಬೆಲೆ ಇದೆ.
ಗೋಲ್ಡ್‌ಮನ್ ಸ್ಯಾಕ್ಸ್, ಜೆ.ಪಿ. ಮಾರ್ಗನ್ ಕಚೇರಿಗಳು ಅಲ್ಲೇ ಇವೆ.

ಆದ್ರೆ ಕಾಲೇಜಿನ ಬ್ರೋಷರ್‌ನಲ್ಲಿರೋ ದೊಡ್ಡ ಪ್ಯಾಕೇಜ್ ನೋಡಿ ಫೀಸ್ ಕಟ್ಬೇಡಿ.
ಅದು ಒಬ್ಬರಿಗೆ ಸಿಕ್ಕಿದ್ದು!
ಹರಿಗೋಲು ಹತ್ತೋವಾಗ ಬಣ್ಣ ನೋಡ್ತೀವಾ?
ಹುಟ್ಟು ಹಾಕೋರ ಕೈ ನೋಡ್ತೀವಿ.

ಆ ಕಾಲೇಜಲ್ಲಿ ಹೋದ ವರ್ಷ ಪಾಸಾದವರನ್ನ ಹುಡುಕಿ.
ಯಾವ ಕಂಪನಿ, ಯಾವ ಹುದ್ದೆ,
ಕೈಗೆ ಬರೋ ಸಂಬಳ ಎಷ್ಟು? ಅವರನ್ನೇ ಕೇಳಿ.