ಮೊದಲು ಬತ್ತ, ಆಮೇಲೆ ಶೆಟ್ಲಿ

ಅಂಬೇವಾಡಿ, ದಾಂಡೇಲಿ ಕಡೆ ಕಾಳಿ ನದಿ ಏರುವುದೂ ಇಳಿಯುವುದೂ ಸೂಪಾ ವಿದ್ಯುದಾಗಾರ ಬಿಡುವ ನೀರಿನ ಮೇಲೆ. ಅದೇ ಉತ್ತರ ಕನ್ನಡದ ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿಗೆ ಇಳಿದ ಮೇಲೆ ಅವಳ ನೀರಿನ ಲೆಕ್ಕ ಇಡುವವನು ಚಂದ್ರ. ದಿನಕ್ಕೆ ಎರಡು ಭರತ ಅಂದರೆ ಉಬ್ಬರ, ಎರಡು ಇಳಿತ. ಅಮಾವಾಸ್ಯೆ, ಹುಣ್ಣಿಮೆಗೆ ಎರಡರ ಜೋರೂ ಹೆಚ್ಚು.

ಈ ಉಪ್ಪುನೀರಿನ ಅಂಚಿನಲ್ಲಿ, ಮಾಣಿಕಟ್ಟಾ, ಹೆಗಡೆ, ಮಿರ್ಜಾನ, ಐಗಳಕುರ್ವೆಗಳ ಸುತ್ತ ಗಜನಿ ಗದ್ದೆಗಳಿವೆ. ಹೊರಗೆ ಹೊಳೆ, ಒಳಗೆ ತಗ್ಗು ಗದ್ದೆ, ನಡುವೆ ಉದ್ದಕ್ಕೆ ಮಲಗಿದ ಕಟ್ಟೆ. ಕಟ್ಟೆಯ ಬುಡದಲ್ಲಿ ಕಾಂಡ್ಲಾ ಗಿಡಗಳು ಕೆಸರಿಗೆ ಬೇರು ಚಾಚಿ ನಿಂತಿವೆ. ಅಲ್ಲಲ್ಲಿ ಹಲಗೆಯ ಬಾಗಿಲಿರುವ ತೂಬುಗಳು. ಗಜನಿಯ ಇಡೀ ಸಂಸಾರ ನಡೆಯುವುದು ಈ ಹಲಗೆಗಳನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬ ತಿಳಿವಳಿಕೆಯಿಂದ.

ಜೂನ್‌ನಲ್ಲಿ ಮಳೆ ಹಿಡಿದುಕೊಂಡಾಗ ಹಲಗೆ ಇಳಿಯುತ್ತದೆ. ಹೊಳೆಯ ಉಪ್ಪುನೀರು ಹೊರಗೇ ಉಳಿಯುತ್ತದೆ. ಒಳಗಿನ ಉಪ್ಪನ್ನು ಮಳೆಯೇ ತೊಳೆಯುತ್ತದೆ. ಆಮೇಲೆ ಮೊಳಕೆ ಬರಿಸಿದ ಕಗ್ಗ ಬತ್ತವನ್ನು ಬಿತ್ತುತ್ತಾರೆ. ಕಗ್ಗ ಗಟ್ಟಿ ಜೀವ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ, ಕಟ್ಟೆ ಸೋರಿ ಸ್ವಲ್ಪ ಉಪ್ಪು ನುಗ್ಗಿದರೂ ತಲೆ ಎತ್ತುತ್ತದೆ. ಗೊಬ್ಬರ ಬೇಡ, ಔಷಧಿ ಬೇಡ. ಮಳೆಗಾಲ ಮುಗಿಯುವ ಹೊತ್ತಿಗೆ ಎತ್ತರದ ಪೈರು ತೂಗುತ್ತಿರುತ್ತದೆ.

ಕೊಯ್ಲಿನಲ್ಲೇ ಮೀನಿನ ಕೃಷಿ ಶುರು. ಕತ್ತರಿಸುವುದು ತೆನೆಯನ್ನು ಮಾತ್ರ. ಹುಲ್ಲು ಗದ್ದೆಯಲ್ಲೇ ನಿಲ್ಲುತ್ತದೆ. ಹಲಗೆ ಎತ್ತಿದರೆ ಭರತದ ನೀರು ಒಳಗೆ ನುಗ್ಗುತ್ತದೆ, ಅದರ ಜೊತೆ ಶೆಟ್ಲಿಯ (ಸಿಗಡಿಯ) ಮರಿ, ನೊಗಲಿ ಮೀನು, ಏಡಿ. ಹುಲ್ಲು ಕೊಳೆತು, ಪಾಚಿ ಹುಟ್ಟಿ, ಮರಿಗಳಿಗೆ ಮೇವಾಗುತ್ತದೆ. ಹಾಗಾಗಿ ಚೀಲದ ಆಹಾರ ಕೊಳ್ಳುವ ಖರ್ಚಿಲ್ಲ. ಬೆಳ್ಳಕ್ಕಿ, ಮಿಂಚುಳ್ಳಿಗಳು ತಮ್ಮ ಪಾಲನ್ನು ಕೇಳದೆಯೇ ತೆಗೆದುಕೊಳ್ಳುತ್ತವೆ.

ಹಿಡಿಯುವುದು ಇಳಿತದ ಹೊತ್ತಿಗೆ, ಹೆಚ್ಚಾಗಿ ರಾತ್ರಿ. ತೂಬಿನ ಬಾಯಿಗೆ ಉದ್ದ ಚೀಲದಂಥ ಬಲೆ ಕಟ್ಟಿ ಹಲಗೆ ಎತ್ತುತ್ತಾರೆ. ನೀರು ಭೋರೆಂದು ಹೊಳೆಗೆ ಮರಳುತ್ತದೆ, ಬಲೆ ಉಬ್ಬಿಕೊಳ್ಳುತ್ತದೆ. ಬ್ಯಾಟರಿ ಬೆಳಕು ಬಿದ್ದರೆ ಶೆಟ್ಲಿಯ ಕಣ್ಣುಗಳು ಕೆಂಪಗೆ ಹೊಳೆಯುತ್ತವೆ. ಬಲೆಯ ತುದಿಯ ಗಂಟು ಬಿಚ್ಚಿ ಬುಟ್ಟಿಗೆ ಸುರಿದರೆ ಚಟಪಟ ಸದ್ದು. ಕೊಂಡಿ ಎತ್ತಿದ ಏಡಿಯಿಂದ ಎಲ್ಲರೂ ಬೆರಳು ಜೋಪಾನ ಮಾಡಿಕೊಳ್ಳುತ್ತಾರೆ.

ಎಪ್ಪತ್ತರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಡಿ ಮಣ್ಣಿನ ಕಟ್ಟೆಗಳ ಜಾಗದಲ್ಲಿ ಕಲ್ಲಿನ ಕಟ್ಟೆ ಹಾಕಿತು. ತೊಂಬತ್ತರ ದಶಕದಲ್ಲಿ ಶೆಟ್ಲಿಗೆ ರಫ್ತಿನ ಬೆಲೆ ಬಂತು. ಶೆಟ್ಲಿಗಾಗಿ ಗದ್ದೆಗಳನ್ನು ಗುತ್ತಿಗೆ ಹಿಡಿದವರಿಗೆ ವರ್ಷವಿಡೀ ಉಪ್ಪುನೀರೇ ಬೇಕಾಯಿತು. ಎಷ್ಟೋ ಗದ್ದೆಗಳಲ್ಲಿ ಕಗ್ಗ ನಿಂತುಹೋಯಿತು. ಹಿಂದೆಯೇ ಬಿಳಿ ಚುಕ್ಕೆ ರೋಗ ಬಂದು ಕರಾವಳಿಯ ಶೆಟ್ಲಿ ಕೃಷಿಯನ್ನೇ ಮಲಗಿಸಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಸಿಗಡಿ ಉದ್ಯಮಕ್ಕೆ ತಡೆ ಹಾಕಿದಾಗಲೂ ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತು. ಗಜನಿ ಆ ವಿನಾಯಿತಿಗೆ ತಕ್ಕ ಪದ್ಧತಿ.

2024ರ ಜನವರಿ ಕೊನೆಗೆ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರದ ಜೊತೆ 4,801 ಹೆಕ್ಟೇರ್‌ನ ಅಘನಾಶಿನಿ ಅಳಿವೆಯೂ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಘೋಷಣೆ ಬಂತು. ಅಂತರರಾಷ್ಟ್ರೀಯ ಮನ್ನಣೆ ದೊಡ್ಡದೇ. ಆದರೆ ಒಡೆದ ಕಟ್ಟೆಗೆ ಮಣ್ಣು ಹಾಕುವವರು, ಕೆಸರಿಗಿಳಿದು ಬಿತ್ತುವವರು ಊರಿನ ರೈತರೇ. ಬತ್ತದಿಂದ ಕೈಗೆ ಬರುವ ಕಾಸು ಕಡಿಮೆ, ಶೆಟ್ಲಿಯಿಂದ ಹೆಚ್ಚು. ಆದರೆ ಶೆಟ್ಲಿಗೆ ಮೇವಾಗುವುದು ಬತ್ತದ ಹುಲ್ಲು. ಆದ್ದರಿಂದ ಗಜನಿಯ ಗುತ್ತಿಗೆ ಪತ್ರದಲ್ಲಿ ಮಳೆಗಾಲಕ್ಕೆ ಹಲಗೆ ಇಳಿಸುವ ಷರತ್ತು ಮೊದಲು ಇರಲಿ. ಕಗ್ಗ ಅಕ್ಕಿಗೆ ಸರ್ಕಾರ ಒಳ್ಳೆಯ ಬೆಲೆ ಕಟ್ಟಲಿ. ಗೋಕರ್ಣಕ್ಕೆ ಹೋಗುವ ನಾವೂ ವಾಪಸಾಗುವಾಗ ಎರಡು ಕಿಲೋ ಕಗ್ಗ ಅಕ್ಕಿ ಕೇಳಿ ಕೊಳ್ಳೋಣ.