ಕೀಲಿಮಣೆಯಲ್ಲಿಲ್ಲದ ಚಿಹ್ನೆಗಳು

ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕೊರೆದವನಿಗೆ ಬೇಕಾದ ಅಕ್ಷರ ಎಲ್ಲಿದೆಯೆಂದು ಹುಡುಕುವ ಕಷ್ಟವಿರಲಿಲ್ಲ. ಉಳಿ ತಿರುಗಿದತ್ತ ಗೆರೆ ಮೂಡುತ್ತಿತ್ತು. 1915ರಲ್ಲಿ ಬೆಳಕಿಗೆ ಬಂದ ಆ ಬರಹವನ್ನು ಕಂಡಾಗಲೆಲ್ಲ ನನಗೆ ಸ್ಟೆನ್ಸಿಲ್ ಕಾಗದದ ದಿನಗಳು ನೆನಪಾಗುತ್ತವೆ. ಸಿಂಧನೂರು, ಲಿಂಗಸುಗೂರು ಕಡೆಯ ಶಾಲೆಗಳಲ್ಲಿ ನಾನು ಉಪಾಧ್ಯಾಯನಾಗಿದ್ದಾಗ ಗಣಿತದ ಪ್ರಶ್ನೆಪತ್ರಿಕೆಯನ್ನು ಬೆರಳಚ್ಚಿಸುವಾಗ ವರ್ಗಮೂಲದ ಜಾಗವನ್ನು ಖಾಲಿ ಬಿಟ್ಟು, ಬಳಿಕ ಮೊನಚಾದ ಲೇಖನಿಯಿಂದ √ ಎಂದು ಗೀರುತ್ತಿದ್ದೆವು. ಗೀರು ತುಸು ಆಳವಾದರೆ ಕಾಗದ ಹರಿದು ಮಸಿ ಸೋರುತ್ತಿತ್ತು.

ಗಣಕಯಂತ್ರ ಬಂದಿತು. ಅದರ ಕೀಲಿಮಣೆ ಇಂಗ್ಲಿಷ್ ಬೆರಳಚ್ಚು ಯಂತ್ರದ ಸಂತಾನ; +, = ಅಲ್ಲಿ ಉಂಟು, ×, ÷, √, π ಇಲ್ಲ. ಒಮ್ಮೆ ನಮ್ಮ ಪರೀಕ್ಷೆಗೆ ಸಿದ್ಧವಾದ ಪತ್ರಿಕೆಯಲ್ಲಿ ತೊಟ್ಟಿಯೊಂದರ ನೀರು 4 × 10³ ಲೀಟರ್ ಎಂದಿರಬೇಕಾದ ಕಡೆ 4 × 103 ಎಂದು ಅಚ್ಚಾಯಿತು. ಕರಡು ತಿದ್ದುವ ಹೊಣೆ ಕನ್ನಡದ ಮೇಷ್ಟರಾದ ನನ್ನದೇ ಆಗಿತ್ತು. ಒತ್ತಕ್ಷರಗಳನ್ನೆಲ್ಲ ನೋಡಿದ್ದೆ, ಅಂಕಿಯನ್ನು ನೋಡಿರಲಿಲ್ಲ. ಮಕ್ಕಳು 4000 ಎಂದು ಬರೆಯಬೇಕಾದಲ್ಲಿ 412 ಎಂದು ಬರೆದರು. ಅವರ ಗುಣಾಕಾರ ಸರಿಯಾಗಿಯೇ ಇತ್ತು! ಮೊದಲು ಸೊನ್ನೆ ಹಾಕಿದ್ದ ಉತ್ತರಗಳಿಗೆ ಮತ್ತೆ ಅಂಕ ಕೊಡಬೇಕಾಯಿತು.

ಹೀಗೇಕಾಯಿತು? ಬೆರಳಚ್ಚಿಸಿದವರು 3ನ್ನು ಬರೆದು ಅದನ್ನು ಮೇಲಕ್ಕೆತ್ತಿದ್ದರು. ಆ ಎತ್ತರ ಕೇವಲ ಅಲಂಕಾರ; ಬರಹವನ್ನು ಒಂದು ಕಡತದಿಂದ ಇನ್ನೊಂದಕ್ಕೆ ಸಾಗಿಸುವಾಗ ಅಲಂಕಾರ ಕಳಚಿ, ಅಂಕಿ ಸಾಲಿಗೆ ಇಳಿಯಿತು. ಆದರೆ ³ ಎಂಬ ಸ್ವತಂತ್ರ ಚಿಹ್ನೆಯೂ ಉಂಟು. ವಿಂಡೋಸ್ ಯಂತ್ರದಲ್ಲಿ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು, ಬಲಬದಿಯ ಅಂಕಿಗಳ ಗುಂಪಿನಲ್ಲಿ 0179 ಎಂದು ಒತ್ತಿ ಕೈಬಿಟ್ಟರೆ ಅದು ಮೂಡುತ್ತದೆ. 0178 ಒತ್ತಿದರೆ ², 0215 ಒತ್ತಿದರೆ ×, 0247 ಒತ್ತಿದರೆ ÷. ಒಂದು ಎಚ್ಚರಿಕೆ: ಯೂನಿಕೋಡಿಗಿಂತ ಹಿಂದಿನ ಹಲವು ಕನ್ನಡ ಅಕ್ಷರಶೈಲಿಗಳಲ್ಲಿ ಈ ಸಂಖ್ಯೆಗಳ ಮನೆಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳು ಕುಳಿತಿವೆ. ಅಲ್ಲಿ ಗುಣಾಕಾರ ಕೇಳಿದರೆ ಒತ್ತಕ್ಷರ ಬಂದೀತು.

1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್ ಪ್ರತಿ ಚಿಹ್ನೆಗೂ ಬೇರೆಯೇ ಸಂಖ್ಯೆ ಕೊಟ್ಟು ಈ ಜಗಳವನ್ನು ಬಿಡಿಸಿತು. ವರ್ಡ್ ತಂತ್ರಾಂಶದಲ್ಲಿ 2264 ಎಂದು ಬರೆದು ಆಲ್ಟ್ ಜೊತೆಗೆ ಎಕ್ಸ್ ಒತ್ತಿದರೆ ≤, 2265ಕ್ಕೆ ≥, 2260ಕ್ಕೆ ≠ ಬರುತ್ತವೆ.

ಸಂಖ್ಯೆಗಳನ್ನು ನೆನಪಿಡುವುದು ಬೇಸರವೆನ್ನುವವರಿಗೆ ಹೆಸರಿನ ದಾರಿಯುಂಟು. ಅಮೆರಿಕದ ಡೊನಾಲ್ಡ್ ಕ್ನುತ್ ಎಂಬ ವಿದ್ವಾಂಸರು ತಮ್ಮ ಗ್ರಂಥದ ಕರಡಿನಲ್ಲಿ ಗಣಿತ ಅಂದಗೆಟ್ಟು ಬಂದುದನ್ನು ಸಹಿಸಲಾರದೆ, 1977ರಲ್ಲಿ ತಾವೇ ಅಚ್ಚುಜೋಡಣೆಯ ತಂತ್ರಾಂಶವೊಂದನ್ನು ರೂಪಿಸತೊಡಗಿದರು. ಅದೇ ಟೆಕ್. ಅದರಲ್ಲಿ ಎಡಕ್ಕೆ ವಾಲಿದ ಗೆರೆಯೊಂದನ್ನು ಹಾಕಿ ಚಿಹ್ನೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಸಾಕು. ಪೈ ಎಂದು ಬರೆದರೆ ಅಚ್ಚಿನಲ್ಲಿ π ಬರುತ್ತದೆ. ವರ್ಡಿನಲ್ಲಿಯೂ ಆಲ್ಟ್ ಮತ್ತು = ಒತ್ತಿದರೆ ಸಮೀಕರಣದ ಚೌಕ ತೆರೆಯುತ್ತದೆ; ಅಲ್ಲಿ ಇದೇ ಕ್ರಮ ನಡೆಯುತ್ತದೆ. 10^3 ಎಂದು ಬರೆದು ಖಾಲಿಜಾಗದ ಕೀಲಿಯನ್ನೊತ್ತಿದೊಡನೆ 3 ತಾನಾಗಿ ಮೇಲೇರುತ್ತದೆ. ^ ಎಂಬುದು 6ರ ಕೀಲಿಯ ನೆತ್ತಿಯ ಮೇಲಿದೆ.

ಇಷ್ಟೆಲ್ಲ ಉಪಾಯಗಳಲ್ಲಿ ನಾನು ಮೊದಲು ಬಾಯಿಪಾಠ ಮಾಡಿದ್ದು 0179.