ಖಿನ್ನತೆಗೆ ಮಾತ್ರೆಯೋ, ಮಾತೋ?

ಖಿನ್ನತೆಗೆ ಮಾತ್ರೆ ತಗೊಂಡ್ರೆ ಸಾಲದಾ?
ಥೆರಪಿ, ಅಂದ್ರೆ ಮಾತಿನ ಚಿಕಿತ್ಸೆ, ಯಾಕೆ?

2000ದಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನೋಡಿ.
ದೀರ್ಘಕಾಲದ ಖಿನ್ನತೆಯಿದ್ದ 681 ಜನ.
ಬರೀ ಮಾತ್ರೆಯಿಂದ ನೂರಕ್ಕೆ 48 ಮಂದಿಗೆ ಗುಣ ಕಂಡಿತು.
ಬರೀ ಮಾತಿನ ಚಿಕಿತ್ಸೆಯಿಂದಲೂ 48.
ಎರಡೂ ಸೇರಿದಾಗ? 73!

ಯಾಕಂದ್ರೆ, ಎರಡರ ಕೆಲಸ ಬೇರೆ.
ಬಾವಿಯಲ್ಲಿ ಈಜು ಕಲಿಯೋರ ಬೆನ್ನಿಗೆ ಸೋರೆಬುರುಡೆ ಕಟ್ತಾರಲ್ಲ?
ಮಾತ್ರೆ ಹಾಗೆ, ಮುಳುಗದಂತೆ ಹಿಡಿಯುತ್ತೆ.
ಕೈಕಾಲು ಬಡಿಯೋದನ್ನ ಕಲಿಸೋದು ಥೆರಪಿ.
"ನನ್ನಿಂದೇನೂ ಆಗಲ್ಲ" ಅನ್ನಿಸಿದಾಗ,
ಅದು ನಿಜವಾ ಅಂತ ಪರೀಕ್ಷಿಸೋದು ಹೇಗೆ ಅಂತ ಥೆರಪಿ ಕಲಿಸುತ್ತೆ.
ಆ ಕಲಿಕೆ ಮಾತ್ರೆ ನಿಂತ ಮೇಲೂ ಉಳಿಯುತ್ತೆ.

ಹಾಗಾದ್ರೆ ಎಲ್ಲರಿಗೂ ಎರಡೂ ಬೇಕಾ?
ಇಲ್ಲ. ಸೌಮ್ಯ ಖಿನ್ನತೆಗೆ ಥೆರಪಿಯೊಂದೇ ಸಾಕಾಗಬಹುದು.
ತೀವ್ರವಾಗಿದ್ರೆ, ವರ್ಷಗಟ್ಟಲೆ ಕಾಡ್ತಿದ್ರೆ, ಜೋಡಿಯೇ ಮೇಲು.
ಮಾತ್ರೆ ನಿಲ್ಲಿಸೋ ಮುಂಚೆ ಮಾತ್ರ ಡಾಕ್ಟರನ್ನ ಕೇಳಲೇಬೇಕು.